ನಟಿಯ ಹೆಣ ಯಾವ ಕೇರಿಯದು?

ಹುಮನಾಬಾದ ಬಸ್ ನಿಲ್ದಾಣದ ಎದುರಿನ ಒಂದು ಚಹಾದಂಗಡಿ. 2025ರ ಜುಲೈ ತಿಂಗಳು. ಗೋಡೆಗೆ ನೇತುಹಾಕಿದ ಟಿ.ವಿ.ಯಲ್ಲಿ ಬೆಂಗಳೂರಿನ ಸುದ್ದಿ ಬರುತ್ತಿತ್ತು. ಧಾರಾವಾಹಿಗಳಲ್ಲಿ ನಟಿಸುವ ಹೆಣ್ಣುಮಗಳೊಬ್ಬಳಿಗೆ ಕಟ್ಟಿಕೊಂಡ ಗಂಡನೇ ಚಾಕು ಹಾಕಿದ್ದಾನೆ ಎಂಬ ಆರೋಪ. ಆಕೆ ಬದುಕಿಕೊಂಡಳು. ಆದರೆ ಅಂಗಡಿಯಲ್ಲಿ ಕೂತಿದ್ದ ನಮ್ಮ ಮಂದಿಗೆ ಆಕೆ ಬದುಕಿದ್ದು ಸುದ್ದಿಯಲ್ಲ, ಆಕೆ ಹೇಗೆ ಬದುಕುತ್ತಿದ್ದಳು ಎಂಬುದೇ ಸುದ್ದಿ. ಒಬ್ಬ ಹುಡುಗ ಅಂದ: "ಟಿ.ವಿ.ಯಾಕಿ ಅಂದಮ್ಯಾಲ ಹಿಂಗ ಆಗೂದೇ ಬಿಡ್ರಿ." ಎಲ್ಲರೂ ನಕ್ಕರು.

ನಮ್ಮ ಜೊತೆ ಒಬ್ಬ ಮಾಸ್ತರರಿದ್ದರು. ಹಳ್ಳಿಯ ಶಾಲೆಯವರು. ಏಪ್ರಿಲ್ 14 ಬಂತೆಂದರೆ ಸ್ವಂತ ಪಗಾರದಿಂದ ಪುಸ್ತಕ ಕೊಂಡು ಹುಡುಗರಿಗೆ ಹಂಚುವವರು. ಅವರೂ ನಕ್ಕರು. ನಾವು ಈ ಸಂಚಿಕೆಯಲ್ಲಿ ಕೊಲೆಯಾದ ನಟಿಯರ ಬಗ್ಗೆ ಬರೆಯಬೇಕು ಅಂದಾಗ ಅವರ ನಗು ನಿಂತಿತು. "ಆಕಿ ಕಥಿ ನಮಗ್ಯಾಕ್ರಿ? ಕಂಬಾಲಪಲ್ಲಿಯೊಳಗ ಏಳು ಮಂದೀನ ಸುಟ್ಟಾಗ ಆ ಬಣ್ಣದ ಮಂದಿ ಬಂದಿದ್ರೇನು? ಖೈರ್ಲಾಂಜಿಗೆ ಬಂದಿದ್ರೇನು? ನಮ್ಮ ಹಾಳಿ ನಾಕು ಅದಾವ. ಅವ್ನೂ ಆಕಿಗೇ ಕೊಡ್ತೀರೇನು?"

ಮಾಸ್ತರರ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದ ಮೊಕದ್ದಮೆಯಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಅಂಥ ನೆಲದಲ್ಲಿ ನಿಂತು ಒಬ್ಬ ನಟಿಗೆ ಹಾಳೆ ಖರ್ಚು ಮಾಡುವುದು ಸುಲಭದ ನಿರ್ಧಾರ ಅಲ್ಲ. ಆದರೆ ಗೆಳೆಯರೆ, ಮಾಸ್ತರರ ಪ್ರಶ್ನೆಗೂ ಮೊದಲು ಆ ನಗು ಬಂದಿತ್ತು. ನಮ್ಮ ಜಗಳ ಆ ನಗುವಿನ ಜೊತೆ. ಯಾಕೆಂದರೆ ಆ ನಗು ನಮಗೆ ಗೊತ್ತು. ನಮ್ಮ ಕೇರಿಯ ಹೆಣ್ಣುಮಗಳನ್ನು ಹೊಲದಲ್ಲಿ ಕೆಡವಿದಾಗ ಗೌಡರ ಪಡಸಾಲೆಯಲ್ಲಿ ಏಳುವ ನಗು ಅದು. "ಆಕಿ ನಡತಿ ಸರಿ ಇದ್ದಿದ್ರ ಯಾಕ ಹಿಂಗಾಗ್ತಿತ್ತು" ಎಂದು ಪೊಲೀಸ್ ಠಾಣೆಯ ಕುರ್ಚಿಯಿಂದ ಕೇಳಿಬರುವ ನಗು. ಅದೇ ನಗು ನಮ್ಮ ಬಾಯಿಗೆ ಯಾವಾಗ ಬಂತು?

ಹೇಮಶ್ರೀ ಎಂಬ ನಟಿ ಎಷ್ಟು ಜನಕ್ಕೆ ನೆನಪಿದ್ದಾಳೆ? ಕನ್ನಡದ ಧಾರಾವಾಹಿಗಳಲ್ಲಿ, ಕೆಲವು ಸಿನಿಮಾಗಳಲ್ಲಿ ಪಾತ್ರ ಮಾಡಿದವಳು. ನಾಯಕಿಯೆಂದು ದೊಡ್ಡ ಕಟೌಟ್ ನಿಲ್ಲಿಸಿಕೊಂಡವಳಲ್ಲ. ನಾಯಕಿಯ ಅತ್ತಿಗೆ, ಗೆಳತಿ, ಅಕ್ಕ, ಹೀಗೆ ಕಥೆಯ ಅಂಚಿನಲ್ಲಿ ನಿಲ್ಲುವ ನೂರಾರು ಹೆಣ್ಣುಮಕ್ಕಳ ಸಾಲಿನವಳು. 2012ರ ಅಕ್ಟೋಬರ್‌ನಲ್ಲಿ ಆಕೆ ಹೆಣವಾದಳು. ಗಂಡನನ್ನು ಕೊಲೆಯ ಆರೋಪದ ಮೇಲೆ ಪೊಲೀಸರು ಬಂಧಿಸಿದರು. ಪ್ರಜ್ಞೆ ತಪ್ಪಿಸುವ ಔಷಧಿಯ ಮಾತು ಪತ್ರಿಕೆಗಳಲ್ಲಿ ಬಂತು. ಆ ಮದುವೆ ತನ್ನ ಇಷ್ಟದ್ದಲ್ಲ ಎಂದು ಆಕೆ ಮೊದಲೇ ಹೇಳಿಕೊಂಡಿದ್ದೂ ಸುದ್ದಿಯಾಗಿತ್ತು. ಅಂದರೆ ಆಕೆ ಸುಮ್ಮನಿದ್ದವಳಲ್ಲ. ಕೂಗಿದ್ದಳು. ಊರಿಗೆಲ್ಲ ಕೇಳುವ ಹಾಗೆ, ಕ್ಯಾಮೆರಾದ ಎದುರೇ ಕೂಗಿದ್ದಳು. ಕೂಗಿದವಳನ್ನು ಈ ಸಮಾಜ ಏನು ಮಾಡಿತು? ನೋಡಿತು. ಕಾರ್ಯಕ್ರಮ ಚೆನ್ನಾಗಿದೆ ಅಂದುಕೊಂಡು ನೋಡಿತು.

ಆರೋಪಿಯ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಅದು ನ್ಯಾಯಾಲಯದ ಕೆಲಸ. ನಮ್ಮ ಫಿರ್ಯಾದಿ ಬೇರೆ ಇದೆ. ಆಕೆ ಸತ್ತ ದಿನದಿಂದ ವಾರದವರೆಗೆ ಆಕೆಯ ಧಾರಾವಾಹಿಯ ತುಣುಕುಗಳನ್ನು, ಕುಣಿತದ ದೃಶ್ಯಗಳನ್ನು, ಮದುವೆಯ ಫೋಟೋಗಳನ್ನು ಕಲಸಿ ಬಡಿಸಿದರಲ್ಲ, ಅವರ ಮೇಲೆ ನಮ್ಮ ಫಿರ್ಯಾದಿ. ಬದುಕಿದ್ದಾಗ ಆಕೆಗೆ ಒಂದು ದಿನದ ಕೆಲಸಕ್ಕೆ ಒಂದು ದಿನದ ಕೂಲಿ. ಸತ್ತಮೇಲೆ ಆಕೆಯ ಮುಖಕ್ಕೆ ಕೂಲಿಯೂ ಇಲ್ಲ. ಹೆಣವನ್ನೂ ದುಡಿಸಿಕೊಂಡರು. ನಮ್ಮ ಹಿರಿಯರಿಂದ ಸತ್ತ ದನ ಹೊರಿಸಿ, ಚರ್ಮ ಸುಲಿಸಿ, ಆಮೇಲೆ "ನೀವು ಹೊಲಸು ಮುಟ್ಟಿದವರು" ಎಂದು ದೂರ ನಿಲ್ಲಿಸಿದ್ದರಲ್ಲ, ಇದೂ ಅದೇ ವ್ಯಾಪಾರ. ಬೇಕಾದ್ದನ್ನೆಲ್ಲ ಆಕೆಯಿಂದ ತೆಗೆದುಕೊಳ್ಳುವುದು, ತೆಗೆದುಕೊಟ್ಟದ್ದಕ್ಕೇ ಆಕೆಯನ್ನು ಹೊಲಸು ಅನ್ನುವುದು.

ಹೇಮಶ್ರೀ ಯಾವ ಜಾತಿಯವಳು ಎಂದು ನಾವು ಕೇಳಿಲ್ಲ. ಮಾಸ್ತರರು ಕೇಳಿದರು, ನಾವು ಕೇಳುವುದಿಲ್ಲ.

ಆಕೆ ಸಾಯುವುದಕ್ಕೆ ಒಂದು ವರ್ಷ ಮೊದಲು ಇದೇ ಚಿತ್ರರಂಗದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. 2011ರ ಸೆಪ್ಟೆಂಬರ್. ಹೆಂಡತಿಯನ್ನು ಹೊಡೆದ ಆರೋಪದ ಮೇಲೆ ದೊಡ್ಡ ನಾಯಕನಟ ದರ್ಶನ್ ಜೈಲಿಗೆ ಹೋದ. ಆಗ ಕನ್ನಡ ಚಿತ್ರ ನಿರ್ಮಾಪಕರ ಸಂಘ ಸಭೆ ಸೇರಿತು. ಯಾರ ಮೇಲೆ ನಿಷೇಧ ಹಾಕಿತು ಗೊತ್ತೆ? ಜೈಲಿಗೆ ಹೋದವನ ಮೇಲಲ್ಲ. ನಿಕಿತಾ ಎಂಬ ನಟಿಯ ಮೇಲೆ, ಮೂರು ವರ್ಷ! ಆ ಸಂಸಾರ ಒಡೆದದ್ದು ಆಕೆಯಿಂದ ಎಂಬ ಊಹೆಯ ಮೇಲೆ. ಹೊಡೆದ ಆರೋಪ ಗಂಡಸಿನ ಮೇಲೆ, ಹೊಡೆತ ತಿಂದವಳು ಹೆಂಡತಿ, ಶಿಕ್ಷೆ ಮೂರನೆಯವಳಿಗೆ. ಊರ ಪಂಚಾಯ್ತಿ ಕಟ್ಟೆಯಲ್ಲಿ ಕೂತ ನಮ್ಮ ಕಡೆಯ ಗೌಡ-ಕುಲಕರ್ಣಿಗಳಿಗೂ ಇಷ್ಟು ಚೊಕ್ಕವಾದ ನ್ಯಾಯ ಹೇಳಲು ಬರುತ್ತಿರಲಿಲ್ಲ. ನಾಡೆಲ್ಲ ಛೀ ಅಂದಮೇಲೆ ನಿಷೇಧ ಹಿಂದಕ್ಕೆ ತೆಗೆದುಕೊಂಡರು. ಆದರೆ ಅವರ ತಲೆಯೊಳಗಿನದು ಹಿಂದಕ್ಕೆ ಹೋಯಿತೇ? 2024ರ ಸೆಪ್ಟೆಂಬರ್‌ನಲ್ಲಿ, ಕೇರಳದಲ್ಲಿ ಹೇಮಾ ಸಮಿತಿಯ ವರದಿ ಹೊರಬಂದಮೇಲೆ, ಇಲ್ಲಿಯೂ ಅಂಥ ಸಮಿತಿ ಬೇಕೆಂದು 'ಫೈರ್' ಎಂಬ ಕಲಾವಿದರ ಸಂಘಟನೆ ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ನೂರೈವತ್ತಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಸಹಿ ಹಾಕದ ದೊಡ್ಡ ದೊಡ್ಡ ಹೆಸರುಗಳನ್ನು ನಾವು ಎಣಿಸುವುದಿಲ್ಲ. ಎಣಿಸಿದರೆ ಹಾಳೆ ಸಾಲುವುದಿಲ್ಲ.

ಅದೇ 2024ರ ಮೇ ತಿಂಗಳಲ್ಲಿ ತಿ. ನರಸೀಪುರ ತಾಲ್ಲೂಕಿನ ತುರಗನೂರಿನಲ್ಲಿ ವಿದ್ಯಾ ಎಂಬ ನಟಿಯ ಕೊಲೆಯಾಯಿತು. ಸಿನಿಮಾಗಳಲ್ಲಿ ಸಣ್ಣ ಪಾತ್ರ ಮಾಡಿದ್ದವಳು, ರಾಜಕೀಯ ಪಕ್ಷದಲ್ಲೂ ಓಡಾಡಿಕೊಂಡಿದ್ದವಳು. ಮತ್ತೆ ಆರೋಪ ಗಂಡನ ಮೇಲೆ. ಒಂದು ದಿನ ಸುದ್ದಿ, ಎರಡನೆಯ ದಿನ ಚರ್ಚೆ, ಮೂರನೆಯ ದಿನ ಕ್ರಿಕೆಟ್.

ಈಗ ನಟಿಯನ್ನು ಬಿಡಿ, ನಟಿಯನ್ನು ನೋಡುತ್ತಾ ಕೂತ ಮನೆಗೆ ಬನ್ನಿ. ಕೇಂದ್ರ ಸರಕಾರದ್ದೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಕಂಡವರು. ನಾಲ್ಕನೆಯ ಸುತ್ತಿನಲ್ಲಿ ಈ ಲೆಕ್ಕ 20.6 ಇತ್ತು. ಇಷ್ಟು ಮಂದಿಯೂ ಟಿ.ವಿ.ಯಲ್ಲಿ ಬಣ್ಣ ಹಚ್ಚಿದವರೇನು? "ಬಣ್ಣ ಹಚ್ಚಿದ್ದಕ್ಕ ಹಿಂಗಾತು" ಅನ್ನುವವರು ಈ ಲೆಕ್ಕಕ್ಕೆ ಉತ್ತರ ಕೊಡಬೇಕು. 2023ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 51,100 ಹೆಂಗಸರು, ಹುಡುಗಿಯರು ಗಂಡ, ಗೆಳೆಯ ಅಥವಾ ಮನೆಯವರ ಕೈಯಲ್ಲೇ ಸತ್ತರು ಎಂದು ವಿಶ್ವಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ ಹೆಚ್ಚಿನವರು ರೊಟ್ಟಿ ಬಡಿದವರು, ಹೊಲ ಕಳೆ ಕಿತ್ತವರು, ಬಟ್ಟೆ ಒಗೆದವರು. ಸತ್ತ ನಟಿ ಅವರಿಗಿಂತ ಬೇರೆಯವಳಲ್ಲ. ಆಕೆಯ ಸಾವು ಟಿ.ವಿ.ಯಲ್ಲಿ ಬರುತ್ತದೆ, ಅವರದ್ದು ಬರುವುದಿಲ್ಲ, ಇಷ್ಟೇ ಫರಕು.

ನಮ್ಮ ಭಾಗಕ್ಕೆ ಟಿ.ವಿ. ಬಂದ ಕಥೆಯೇ ಒಂದು ತಮಾಷೆ. ಬೆಂಗಳೂರಿನವರಿಗೆ 1981ರವರೆಗೆ ದೂರದರ್ಶನ ಕೇಂದ್ರ ಇರಲಿಲ್ಲ. ನಮ್ಮ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ 1975ರ ಆಗಸ್ಟ್ 1ರಂದೇ ಟಿ.ವಿ. ಬಂದಿತ್ತು. ಅಮೆರಿಕದ ಉಪಗ್ರಹ, ಇಸ್ರೋದ ಯೋಜನೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು, ಒಂದು ವರ್ಷದ ಪ್ರಯೋಗ. ಹಿಂದುಳಿದವರ ಮೇಲೆ ಪ್ರಯೋಗ ಮಾಡುವುದು ಸುಲಭ ನೋಡಿ! ಗೊಬ್ಬರ ಹೇಗೆ ಹಾಕಬೇಕು, ಕೂಸಿಗೆ ಲಸಿಕೆ ಯಾಕೆ ಬೇಕು ಎಂದು ಆ ಪೆಟ್ಟಿಗೆ ಹೇಳುತ್ತಿತ್ತು. 1977ರಲ್ಲಿ ಗುಲಬರ್ಗಾಕ್ಕೆ ಕೇಂದ್ರವೂ ಬಂತು. ಆ ಪೆಟ್ಟಿಗೆ ಚಾವಡಿಯಲ್ಲಿದ್ದರೆ ಯಾರು ಒಳಗೆ ಕೂತು ನೋಡಿದರು, ಯಾರು ಕಟ್ಟೆಯ ಕೆಳಗೆ ನಿಂತು ನೋಡಿದರು ಎಂಬುದನ್ನು ನಮ್ಮ ಹಿರಿಯರನ್ನು ಕೇಳಿ. ಆಕಾಶದಲ್ಲಿದ್ದ ಉಪಗ್ರಹ ಕಟ್ಟೆಯ ಎತ್ತರವನ್ನು ಒಂದು ಗೇಣೂ ಇಳಿಸಲಿಲ್ಲ.

ಆಮೇಲೆ ಪೆಟ್ಟಿಗೆ ಚಾವಡಿ ಬಿಟ್ಟು ಮನೆಗೆ ಬಂತು. ಕೇರಿಗೂ ಬಂತು. ಗೊಬ್ಬರದ ಮಾತು ಹೋಗಿ ಅತ್ತೆ-ಸೊಸೆಯ ಕಣ್ಣೀರು ಬಂತು. ದಿನವೆಲ್ಲ ತೊಗರಿ ಹೊಲದಲ್ಲಿ ಬೆನ್ನು ಬಗ್ಗಿಸಿದ ಅವ್ವ ರಾತ್ರಿ ಎಂಟಕ್ಕೆ ಆ ಪೆಟ್ಟಿಗೆಯ ಎದುರು ಕಾಲು ಚಾಚಿ ಕೂತಳು. ಅದನ್ನು ನಾವು ಹಳಿಯುವುದಿಲ್ಲ. ಅವಳಿಗೆ ದಿನಕ್ಕೆ ಸಿಗುವ ಬಿಡುವು ಅದೊಂದೇ. 2020ರ ಜುಲೈಯಲ್ಲಿ ಅದೇ ಪೆಟ್ಟಿಗೆಯಲ್ಲಿ ಬಾಬಾಸಾಹೇಬರ ಕಥೆ 'ಮಹಾನಾಯಕ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಾಗ ಏನಾಯಿತೆಂದು ಮಾಸ್ತರರಿಗೆ ಗೊತ್ತು. ಊರೂರಲ್ಲಿ ಫ್ಲೆಕ್ಸ್ ಕಟ್ಟಿದೆವು. ನೀರಿಗಾಗಿ ಒದ್ದಾಡುವ ಪುಟ್ಟ ಭೀಮನನ್ನು ನೋಡಿ ಅವ್ವಂದಿರು ಅತ್ತರು, ಅವನ ತಾಯಿ ಸತ್ತಾಗ ಊಟ ಬಿಟ್ಟರು. ಆ ಭೀಮಾಬಾಯಿ ಯಾರು? ಒಬ್ಬ ಟಿ.ವಿ. ನಟಿ. ಬಣ್ಣ ಹಚ್ಚಿಕೊಂಡು, ದೀಪದ ಕೆಳಗೆ ಬೆವೆತು, ಸಂಜೆ ಕೂಲಿ ಎಣಿಸಿಕೊಂಡು ಹೋದ ಹೆಣ್ಣುಮಗಳು. ಬಾಬಾಸಾಹೇಬರ ತಾಯಿಯಾಗಿ ನಿಂತಾಗ ಕೈ ಮುಗಿದ ನಾವು, ಅದೇ ಕಸುಬಿನವಳು ಇರಿತ ತಿಂದು ಬಿದ್ದಾಗ "ಟಿ.ವಿ.ಯಾಕಿ" ಎಂದು ನಕ್ಕರೆ, ಮಾಸ್ತರರೆ, ನಾವು ಕೈ ಮುಗಿದದ್ದು ಯಾರಿಗೆ?

ಇನ್ನು ಇನ್ನೊಂದು ಮಾತು. ಇದು ನಮ್ಮೊಳಗಿನ ಹಳೆಯ ವಾದ, ಅಂಗಡಿಯಲ್ಲಿಯೂ ಅದು ಎದ್ದಿತು. "ಬಾಬಾಸಾಹೇಬರೇ ಕುಣಿಯೂದು ಬಿಡ್ರಿ ಅಂದಿದ್ರಲ್ಲ" ಎಂದು ಒಬ್ಬರು ಅಂದರು. ಅಂದದ್ದು ಖರೆ. 1936ರ ಜೂನ್ 16ರಂದು ಮುಂಬಯಿಯ ಪರೇಲಿನಲ್ಲಿ ದೇವದಾಸಿ, ಜೋಗಿಣಿ, ಆರಾಧಿ, ವಾಘ್ಯಾ ಸಮುದಾಯಗಳ ಸಭೆಯಲ್ಲಿ ಅವರು ನಿಷ್ಠುರವಾಗಿ ಮಾತಾಡಿದರು. ಈ ಬಾಳನ್ನು ಬಿಟ್ಟು ಬನ್ನಿ ಎಂದರು. ಬಸವಕಲ್ಯಾಣದಿಂದ ಗಡಿ ದಾಟಿದರೆ ಮರಾಠಿ ನಾಡು, ತಮಾಷಾದ ನಾಡು. ಅಲ್ಲಿ ಪಟ್ಠೆ ಬಾಪೂರಾವ್ ಎಂಬ ಬ್ರಾಹ್ಮಣ ಶಾಹೀರ, ಪವಳಾ ಎಂಬ ಮಹಾರ ಹೆಣ್ಣುಮಗಳು ಸೇರಿ ಕಟ್ಟಿದ ಮೇಳದ ಹೆಸರು ಇನ್ನೂ ಹೇಳುತ್ತಾರೆ. ಚಳವಳಿಗೆ ಆತ ಕೊಡಬಂದ ಹಣವನ್ನು ಬಾಬಾಸಾಹೇಬರು ಮುಟ್ಟಲಿಲ್ಲ ಎಂದೂ ಹೇಳುತ್ತಾರೆ. ಯಾಕೆ ಮುಟ್ಟಲಿಲ್ಲ? ಆ ಹಣದಲ್ಲಿ ನಮ್ಮ ಹೆಣ್ಣುಮಕ್ಕಳ ಕಾಲಿನ ಗೆಜ್ಜೆಯ ದುಡಿಮೆ ಇತ್ತು. ಅವರ ಸಿಟ್ಟು ಕುಣಿಸಿ ಉಂಡವನ ಮೇಲೆ. ಆ ಸಿಟ್ಟನ್ನು ನಮ್ಮ ಕೆಲವು ಗೆಳೆಯರು ತಿರುಗಿಸಿ ಕುಣಿದವಳ ಬೆನ್ನಿಗೆ ಬಾರಿಸುತ್ತಿದ್ದಾರೆ. ಆ ಸಭೆಗೆ ಬಾಬಾಸಾಹೇಬರು ಹೋಗಿದ್ದರು, ಅವರ ಎದುರು ನಿಂತು ಮಾತಾಡಿದ್ದರು, ನಮ್ಮ ಜೊತೆ ಬನ್ನಿ ಎಂದಿದ್ದರು. ನಾವು ಹೋಗಿದ್ದೇವೆಯೇ? ಹೋಗದೆ ಚಹಾದಂಗಡಿಯಲ್ಲಿ ಕೂತು ನಗುವವರು ಅವರ ಮಾತನ್ನು ಸಾಕ್ಷಿಗೆ ಕರೆಯಬಾರದು.

ಕೇರಳದ ರೋಸಿಯ ಕಥೆ ನಮ್ಮ ಶಾಲೆಗಳಲ್ಲಿ ಹೇಳಬೇಕು. ಪಿ.ಕೆ. ರೋಸಿ, ಪುಲಯರ ಹುಡುಗಿ. ಹುಲ್ಲು ಕೊಯ್ಯುತ್ತಿದ್ದವಳು, ನಾಟಕ ಬಲ್ಲವಳು. ಮಲಯಾಳದ ಮೊದಲ ಸಿನಿಮಾ 'ವಿಗತಕುಮಾರನ್'ನಲ್ಲಿ ಜೆ.ಸಿ. ಡೇನಿಯಲ್ ಆಕೆಯನ್ನು ನಾಯಕಿ ಮಾಡಿದರು. ಪಾತ್ರ ನಾಯರ್ ಹೆಂಗಸಿನದು. ಪುಲಯಳೊಬ್ಬಳು ನಾಯರ್ ಸೀರೆ ಉಟ್ಟಳು, ಆಕೆಯ ಮುಡಿಯ ಹೂವನ್ನು ನಾಯಕ ಮುತ್ತಿಟ್ಟ! ತಿರುವನಂತಪುರದ ಟಾಕೀಸಿನಲ್ಲಿ ಮೇಲ್ಜಾತಿಯವರು ಪರದೆಗೇ ಕಲ್ಲು ಹೊಡೆದರು. ಆಕೆ ತನ್ನ ಸಿನಿಮಾವನ್ನು ತಾನು ನೋಡುವ ಹಾಗೂ ಇರಲಿಲ್ಲ. ಮನೆಗೆ ಬೆಂಕಿ ಬಿತ್ತು. ಲಾರಿ ಹತ್ತಿ ತಮಿಳುನಾಡಿಗೆ ಓಡಿದಳು, ಲಾರಿ ಚಾಲಕನನ್ನೇ ಮದುವೆಯಾದಳು, ಹೆಸರು ಬದಲಿಸಿಕೊಂಡು ಬದುಕಿದಳು. ಮತ್ತೆ ಕ್ಯಾಮೆರಾ ಎದುರು ನಿಲ್ಲಲಿಲ್ಲ. ಆ ಸಿನಿಮಾದ ರೀಲೂ ಇವತ್ತು ಇಲ್ಲ. ರೋಸಿಯನ್ನು ಯಾರೂ ಕೊಲ್ಲಲಿಲ್ಲ ಎಂದು ದಾಖಲೆ ಹೇಳುತ್ತದೆ. ರೋಸಿ ಎಂಬ ನಟಿ ಮಾತ್ರ ಆ ರಾತ್ರಿ ಸತ್ತಳು, ಉಳಿದದ್ದು ಬೇರೆ ಹೆಸರಿನ ಒಬ್ಬ ಹೆಂಗಸು.

ಮಾಸ್ತರರೆ, "ಆಕಿ ಯಾವ ಕೇರಿಯಾಕಿ" ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಇದೆ. ನಮ್ಮ ಕೇರಿಯವಳು ನಟಿಯಾದರೆ ಜಾತಿಗೆ ಕಲ್ಲು ಬೀಳುತ್ತದೆ. ಮೇಲಿನ ಕೇರಿಯವಳು ನಟಿಯಾದರೆ ಅವಳ ಜಾತಿಯ ರಕ್ಷಣೆ ಅಂದೇ ಕಳಚುತ್ತದೆ, ಅವಳನ್ನು ಊರಿನ ಸೊತ್ತೆಂದು ಬಗೆಯುತ್ತಾರೆ. ನಮ್ಮ ತಾಯಂದಿರನ್ನು ದೇವರಿಗೆ ಬಿಟ್ಟು ಊರಿನ ಸೊತ್ತು ಮಾಡಿದ್ದರು. 1982ರಲ್ಲಿ ಕರ್ನಾಟಕ ಕಾನೂನು ಮಾಡಿ ಅದನ್ನು ನಿಷೇಧಿಸಿತು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ನಮ್ಮ ಸಂಘಟನೆಯವರು ಹೋಗಿ ಪೆಟ್ಟು ತಿಂದರು. ಮುತ್ತು ಕಟ್ಟಿಸಿಕೊಂಡವಳ ಪರ ಪೆಟ್ಟು ತಿಂದ ಚಳವಳಿಗೆ ಮೇಕಪ್ ಹಚ್ಚಿಸಿಕೊಂಡವಳ ಪರ ಒಂದು ಪುಟ ಬರೆಯಲು ಇಷ್ಟೊಂದು ಹಿಂಜರಿಕೆ ಯಾಕೆ?

ನಾವಿರುವುದು ಕಲ್ಯಾಣದ ನೆಲದಲ್ಲಿ. ಇಲ್ಲಿ ಕಲ್ಲೆತ್ತಿದರೂ ಶರಣರು ಎನ್ನುತ್ತಾರೆ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆಲ್ಲ ಕಲ್ಯಾಣದ ಹೆಸರೇ ಇಟ್ಟರು. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು, ಅಂದಾಜು 500 ಕೋಟಿ ರೂಪಾಯಿ ಎಂದರು. 2024ರಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಸರಕಾರ ಘೋಷಿಸಿತು. ಆಗಲಿ, ಸಂತೋಷ. ಆದರೆ ಆ ಹಳೆಯ ಮಂಟಪದಲ್ಲಿ ಯಾರು ಕೂತಿದ್ದರು ಎಂದು ಸ್ವಲ್ಪ ನೆನೆಯೋಣ. ಸೂಳೆ ಸಂಕವ್ವ ಕೂತಿದ್ದಳು. ಇತಿಹಾಸ ಆಕೆಯ ಹೆಸರಿನ ಹಿಂದೆ ಕಸುಬನ್ನು ಅಂಟಿಸಿಯೇ ಉಳಿಸಿದೆ. ನಮಗೆ ಸಿಕ್ಕಿರುವುದು ಆಕೆಯ ಒಂದೇ ಒಂದು ವಚನ. ಆಕೆಯ ಅಂಕಿತ ನಿರ್ಲಜ್ಜೇಶ್ವರ. ನಾಚಿಕೆ ಇಲ್ಲದ ಈಶ್ವರ! ತನ್ನನ್ನು ನಾಚಿಕೆಗೆಟ್ಟವಳು ಎಂದ ಊರಿನ ಮುಖಕ್ಕೆ ತನ್ನ ದೇವರನ್ನೇ ಹಿಡಿದವಳು. ಎಂಟುನೂರೈವತ್ತು ವರ್ಷದ ಹಿಂದೆ ಅಂಥವಳಿಗೆ ಜಾಗ ಕೊಟ್ಟ ಊರಿನಲ್ಲಿ ಇವತ್ತು ಒಬ್ಬ ನಟಿಯ ಹೆಣ ಕಂಡರೆ ಚಹಾ ಕುಡಿಯುತ್ತಾ ನಗುತ್ತೇವೆ. ಮಂಟಪ ಎಷ್ಟು ಕೋಟಿಯದಾದರೇನು?

ಅದೇ ಊರಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಅಪ್ಪಂದಿರಿಬ್ಬರನ್ನೂ ಬಿಜ್ಜಳನ ಆಳ್ವಿಕೆ ಎಳೆಹೂಟೆ ಕಟ್ಟಿಸಿ ಕೊಂದಿತು. ಹರಳಯ್ಯನ ಗವಿಗೆ ನಾವು ಪ್ರತಿ ವರ್ಷ ಹುಡುಗರನ್ನು ಕರೆದುಕೊಂಡು ಹೋಗುತ್ತೇವೆ. ಒಂದು ಸಲ ಒಬ್ಬ ಹುಡುಗಿ ಕೇಳಿದಳು: "ಸರ್, ಆ ಮದಿಮಗಳು ಏನಾದಳ್ರಿ?" ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಕೆಯ ಹೆಸರನ್ನೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕ್ರಾಂತಿ ನಡೆದದ್ದು ಆಕೆಯ ಕೊರಳಿನ ಮೇಲೆ, ಕಥೆ ಮಾತ್ರ ಅಪ್ಪಂದಿರದು.

ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಗೆ ಹೋಗಿ ನೋಡಿ. ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಒಬ್ಬ ಕಲ್ಲಿನ ಚೆಲುವೆ ನಿಂತುಕೊಂಡು ಶಾಸನ ಬರೆಯುತ್ತಿದ್ದಾಳೆ. ಪ್ರವಾಸದ ಪುಸ್ತಕಗಳಲ್ಲೆಲ್ಲ ಆಕೆಯ ಚಿತ್ರ. ಸೊಂಟ ಎಷ್ಟು ಬಳುಕಿದೆ, ಬೆನ್ನು ಎಷ್ಟು ಚೆಂದ ಎಂದು ಪಂಡಿತರು ಬರೆದರು. ಆಕೆ ಬರೆಯುತ್ತಿರುವುದು ಏನು? ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಕೈಗೆ ಉಳಿ ಕೊಟ್ಟರು, ಬರೆಯಲು ಮಾತ್ರ ರಾಜನ ಹೆಸರು ಕೊಟ್ಟರು. ಇವತ್ತಿನ ಧಾರಾವಾಹಿ ನಟಿಯ ಸ್ಥಿತಿ ಬೇರೆಯೇ? ಬಾಯಿ ಆಕೆಯದು, ಮಾತು ಯಾರೋ ಬರೆದದ್ದು. ತಾಳಿಯನ್ನು ಕಣ್ಣಿಗೊತ್ತಿಕೊಂಡು "ಪತಿಯೇ ದೇವರು" ಎಂದು ದಿನಾ ಸಂಜೆ ಹೇಳುವ ಕೂಲಿ ಆಕೆಯದು. ಆಮೇಲೆ ಮನೆಗೆ ಹೋಗಿ ಆ ದೇವರ ಕೈಯಲ್ಲಿ ಏಟು ತಿಂದರೆ, ಆಕೆ ಹೇಳಿದ ಸಂಭಾಷಣೆಯೇ ಆಕೆಯ ವಿರುದ್ಧ ಸಾಕ್ಷಿ ಹೇಳುತ್ತದೆ.

ಇದು ನಮ್ಮ ನೆಲದ್ದಷ್ಟೇ ರೋಗ ಎಂದು ಎದೆ ಬಡಿದುಕೊಳ್ಳಬೇಕಿಲ್ಲ. 1989ರ ಜುಲೈಯಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ರೆಬೆಕಾ ಶೇಫರ್ ಎಂಬ 21 ವರ್ಷದ ಟಿ.ವಿ. ನಟಿಯನ್ನು ಆಕೆಯ ಮನೆಯ ಬಾಗಿಲಲ್ಲೇ ಒಬ್ಬ 'ಅಭಿಮಾನಿ' ಗುಂಡಿಕ್ಕಿ ಕೊಂದ. ವರ್ಷಗಟ್ಟಲೆ ಬೆನ್ನು ಬಿದ್ದಿದ್ದವನು. ಆಕೆಯ ಮನೆ ವಿಳಾಸ ಅವನಿಗೆ ಸಿಕ್ಕಿದ್ದು ಪತ್ತೇದಾರರ ಮೂಲಕ, ಸರಕಾರದ ವಾಹನ ಇಲಾಖೆಯ ದಾಖಲೆಯಿಂದ! ಆ ಸಾವಿನ ನಂತರ 1990ರಲ್ಲಿ ಕ್ಯಾಲಿಫೋರ್ನಿಯಾ ಹಿಂಬಾಲಿಸಿ ಕಾಡುವುದನ್ನೇ ಅಪರಾಧ ಎಂದು ಕಾನೂನು ಮಾಡಿತು. 1994ರಲ್ಲಿ ವಾಹನ ದಾಖಲೆಯ ವಿಳಾಸ ಹೊರಬಿಡದ ಹಾಗೆ ಇಡೀ ದೇಶಕ್ಕೆ ಕಾನೂನು ಬಂತು. ನಮ್ಮಲ್ಲಿ ಹೆಣ್ಣಿನ ಬೆನ್ನು ಬೀಳುವುದು ಅಪರಾಧ ಎಂದು ಬರೆಯಲು 2013 ಬರಬೇಕಾಯಿತು, ಅದಕ್ಕೂ ದಿಲ್ಲಿಯ ಬಸ್ಸಿನಲ್ಲಿ ಒಬ್ಬ ಹುಡುಗಿ ಬಲಿಯಾಗಬೇಕಾಯಿತು. ಅಲ್ಲಿಯವರೆಗೆ ಅದಕ್ಕೆ ನಮ್ಮ ಸಿನಿಮಾಗಳು ಇಟ್ಟಿದ್ದ ಹೆಸರು ಪ್ರೇಮ.

ಪಾಕಿಸ್ತಾನದ ಕಂದೀಲ್ ಬಲೋಚ್‌ಳನ್ನೂ ನೆನೆಯಬೇಕು. ಡೇರಾ ಗಾಜಿಖಾನ್ ಜಿಲ್ಲೆಯ ಬಡ ಹಳ್ಳಿಯ ಹುಡುಗಿ. ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಹೆಸರಾದವಳು, ಮನೆಯ ಬಾಡಿಗೆ ಕಟ್ಟಿದವಳು, ಅಪ್ಪ-ಅವ್ವನನ್ನು ಸಾಕಿದವಳು. 2016ರ ಜುಲೈಯಲ್ಲಿ ಮುಲ್ತಾನಿನಲ್ಲಿ ಆಕೆ ಮಲಗಿದ್ದಾಗ ತಮ್ಮನೇ ಕತ್ತು ಹಿಸುಕಿದ. ಮನೆತನದ ಮಾನ ಉಳಿಸಿದೆ ಎಂದ. ಆಕೆಯ ದುಡ್ಡಿನಲ್ಲಿ ಉಣ್ಣುವಾಗ ಮಾನ ಎಲ್ಲಿತ್ತು ಎಂದು ಆತನನ್ನು ಯಾರು ಕೇಳಬೇಕು? ಮಾನದ ಹೆಸರಿನ ಕೊಲೆಗೆ ಮನೆಯವರು ಕ್ಷಮೆ ಕೊಟ್ಟರೆ ಬಿಡುಗಡೆ ಎಂಬ ದಾರಿಯನ್ನು ಅದೇ ವರ್ಷ ಅಲ್ಲಿನ ಸಂಸತ್ತು ಮುಚ್ಚಿತು. 2019ರಲ್ಲಿ ಆತನಿಗೆ ಜೀವಾವಧಿ ಆಯಿತು. 2022ರಲ್ಲಿ ಮೇಲಿನ ನ್ಯಾಯಾಲಯ ಬಿಟ್ಟುಬಿಟ್ಟಿತು. ಕಂಬಾಲಪಲ್ಲಿ ನೋಡಿದವರಿಗೆ ಇದು ಹೊಸದಲ್ಲ. ಕಾನೂನು ಪುಸ್ತಕದಲ್ಲಿ ಬದಲಾಗುತ್ತದೆ, ಸಾಕ್ಷಿಕಟ್ಟೆಯಲ್ಲಿ ಹಳೆಯದೇ ನಿಂತಿರುತ್ತದೆ.

ಹಾಗಾದರೆ ನಾವು ಮಾಡುವುದೇನು? ಬೆಂಗಳೂರಿಗೆ ಹೋಗಿ ವಾಣಿಜ್ಯ ಮಂಡಳಿಯ ಬಾಗಿಲು ತಟ್ಟಲು ನಮ್ಮ ಕೈ ಉದ್ದ ಸಾಲದು, ಸಹಿ ಹಾಕಿದವರ ಜೊತೆ ನಮ್ಮದೂ ಒಂದು ಸಹಿ ಹಾಕುತ್ತೇವೆ. ಆದರೆ ತಾಲ್ಲೂಕಿನ ಕೆಲಸ ನಮ್ಮ ಕೈಯಲ್ಲಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನ ಪ್ರಕಾರ ರಕ್ಷಣಾಧಿಕಾರಿ ಇರಬೇಕು. ನಮ್ಮ ತಾಲ್ಲೂಕುಗಳಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಅಂಗನವಾಡಿಯ ಹಿಟ್ಟಿನ ಚೀಲ ಎಣಿಸುವ ಅದೇ ಅಧಿಕಾರಿ! ಎಷ್ಟು ಹೆಂಗಸರಿಗೆ ಇದು ಗೊತ್ತು? ಮಾಸ್ತರರ ಶಾಲೆಯ ಗೋಡೆಯಲ್ಲಿ ಗಾಂಧಿಯ ಮಾತು ಇದೆ, ನೆಹರೂ ಮಾತು ಇದೆ, 181 ಎಂಬ ಮಹಿಳಾ ಸಹಾಯವಾಣಿಯ ಮೂರು ಅಂಕಿ ಇಲ್ಲ. ನಾವು ಹೋಗಿ ಬರೆಯುತ್ತೇವೆ ಅಂದೆವು. ಸುಣ್ಣ-ಬಣ್ಣ ನಾವೇ ತರುತ್ತೇವೆ ಅಂದೆವು. ಮಾಸ್ತರರು "ಹೆಡ್ ಮಾಸ್ತರನ್ನ ಕೇಳ್ತೀನಿ" ಅಂದರು. ಕೇಳಲಿ. (ಅವರು ಇದನ್ನು ಓದುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇವೆ.)

ಇನ್ನೊಂದು ಸಂಗತಿ, ಅದು ಈ ಬರಹಕ್ಕೆ ನಿಜವಾದ ಕಾರಣ. ನಮ್ಮ ಕೇರಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅಂಬೇಡ್ಕರ್ ಜಯಂತಿಯ ನಾಟಕದಲ್ಲಿ ರಮಾಬಾಯಿ ಮಾಡಿದಳು, ಊರೇ ಅತ್ತಿತು. ಬೆಂಗಳೂರಿನಲ್ಲಿ ಧಾರಾವಾಹಿಗೆ ಹೊಸ ಮುಖ ಬೇಕಂತೆ, ಫೋಟೋ ಕಳಿಸಿದ್ದಳಂತೆ, ಬಾ ಎಂದು ಕರೆ ಬಂದಿದೆ. ಆಕೆಯ ಅಣ್ಣ ಎರಡು ದಿನ ಊಟ ಬಿಟ್ಟು ಕೂತ. "ಮಂದಿ ನಗ್ತಾರ" ಅಂದ. ಆ ಅಣ್ಣ ಆವತ್ತು ಚಹಾದಂಗಡಿಯಲ್ಲಿ ನಮ್ಮ ಜೊತೆಯೇ ಇದ್ದ. ನಗು ಎದ್ದಾಗ ಅವನೂ ನಕ್ಕಿದ್ದ.

ಮೊನ್ನೆ ಆ ಹುಡುಗಿಯ ಅವ್ವ ನಮ್ಮ ಹತ್ತಿರ ಬಂದಳು. ಓದಿದವಳಲ್ಲ, ನಮ್ಮ ಪತ್ರಿಕೆ ಆಕೆ ಓದುವುದಿಲ್ಲ. ಧಾರಾವಾಹಿ ಮಾತ್ರ ಒಂದೂ ಬಿಡುವುದಿಲ್ಲ. "ಯಣ್ಣಾ, ನೀವು ಸಂಘಟನಿ ಮಂದಿ, ಹೇಳ್ರಿ. ಕಳಸ್ಲ್ಯಾ ಬ್ಯಾಡಾ? ಅಲ್ಲಿ ಕೆಲಸದ ಕಾಗದ ಕೊಡ್ತಾರೇನು? ಪಗಾರ ಕೈಯಾಗ ಕೊಡ್ತಾರೋ ಬ್ಯಾಂಕಿನಾಗ ಹಾಕ್ತಾರೋ? ರಾತ್ರಿ ಶೂಟಿಂಗ್ ಇದ್ರ ಮನೀ ತನಕ ಯಾರು ಬಿಡ್ತಾರ? ಯಾರರ ಕೈ ಹಿಡದ್ರ ಯಾರಿಗಿ ಹೇಳಬೇಕು?"

ನಮ್ಮ ಯಾವ ಸಭೆಯಲ್ಲೂ ಇಷ್ಟು ನೇರವಾದ ಬೇಡಿಕೆಪಟ್ಟಿ ಬಂದಿರಲಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ ಎಂದೆವು. "ಕಾನೂನು ಅಂತದ ಖರೆ, ಅಲ್ಲಿ ಅದ ಏನು?" ಎಂದಳು. ನಾವು ಸುಮ್ಮನಾದೆವು. ಕೊನೆಗೆ ಆಕೆ ಕೇಳಿದ ನಾಲ್ಕೂ ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದುಕೊಟ್ಟೆವು. ಕರೆದವರಿಗೆ ಮೊದಲು ಇದನ್ನು ಕಳಿಸು, ಉತ್ತರ ಬರೆದು ಸಹಿ ಹಾಕಿ ಕಳಿಸಿದರೆ ಮಾತ್ರ ಹೋಗು ಎಂದು ಹುಡುಗಿಗೆ ಹೇಳಿದೆವು. ಕಾಗದ ಕಳಿಸಿ ಹನ್ನೆರಡು ದಿನ ಆಯಿತು. ಅಣ್ಣ ಈಗ ಊಟ ಮಾಡುತ್ತಿದ್ದಾನೆ. ಹುಡುಗಿ ದಿನಾ ಸಂಜೆ ಬಂದು ಕೇಳುತ್ತಾಳೆ, "ಬಂತೇನ್ರಿ ಉತ್ತರ?"